ರೈಲು ಸಂಚಾರದ ನೇರ ನಕಾಶೆಗಳು: ಬಿ.ಜಿ. ಕೆರೆ ಭಾಗದ ನಾಗರಿಕರು ತಿಳಿದಿರಬೇಕಾದ ಅಂಶಗಳು – ಒಂದು ವಿಶ್ಲೇಷಣೆ

ಪೀಠಿಕೆ

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ ಗ್ರಾಮವು ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ, ಚಳ್ಳಕೆರೆ ಹಾಗೂ ಬಳ್ಳಾರಿ ನಡುವಿನ ಮಾರ್ಗದಲ್ಲಿದೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗಗಳ ಮೂಲಕ ಬಳ್ಳಾರಿಗೆ ಸಾಗುವ ರೈಲು ಮಾರ್ಗವು ಇದೇ ಸೀಮೆಯನ್ನು ಹಾದುಹೋಗುತ್ತದೆ. ಈ ಮಾರ್ಗದಲ್ಲಿ ಪ್ರಯಾಣಿಕರ ಗಾಡಿಗಳ ಸಂಖ್ಯೆ ಹೆಚ್ಚಿಲ್ಲ. ಒಂದು ಗಾಡಿ ತಪ್ಪಿದರೆ ಮುಂದಿನ ಗಾಡಿಗಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ, ಇಲ್ಲವೇ ಬಸ್ಸನ್ನು ಆಶ್ರಯಿಸಬೇಕಾಗುತ್ತದೆ. ಆದಕಾರಣ ಗಾಡಿ ಈಗ ಎಲ್ಲಿದೆ ಎಂಬ ಪ್ರಶ್ನೆ ಈ ಭಾಗದ ಜನರಿಗೆ ಕೇವಲ ಕುತೂಹಲದ ಪ್ರಶ್ನೆಯಲ್ಲ. ಆಸ್ಪತ್ರೆ, ನ್ಯಾಯಾಲಯ, ಪರೀಕ್ಷೆ, ಕಚೇರಿ ಕೆಲಸಗಳಿಗೆ ನಿಗದಿತ ವೇಳೆಗೆ ತಲುಪುವುದು ಅದರ ಉತ್ತರವನ್ನು ಅವಲಂಬಿಸಿರುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಪ್ರಶ್ನೆಗೆ ಉತ್ತರವನ್ನು ಬಹುತೇಕ ಎಲ್ಲರೂ ಮೊಬೈಲ್ ಪರದೆಯ ಮೇಲೆ ಹುಡುಕುತ್ತಿದ್ದಾರೆ. ಹಳಿಯ ಗೆರೆಯ ಮೇಲೆ ಚಲಿಸುವ ಒಂದು ಚುಕ್ಕೆಯನ್ನು ನೋಡಿ ಮನೆಯಿಂದ ಹೊರಡುವ ವೇಳೆಯನ್ನು ನಿರ್ಧರಿಸುವುದು ರೂಢಿಯಾಗಿದೆ. ಆ ಚುಕ್ಕೆ ಎಲ್ಲಿಂದ ಬರುತ್ತದೆ, ಅದನ್ನು ಯಾರು ನಿರ್ವಹಿಸುತ್ತಾರೆ, ಅದು ಏನನ್ನು ತಿಳಿಸುತ್ತದೆ ಮತ್ತು ಏನನ್ನು ತಿಳಿಸುವುದಿಲ್ಲ ಎಂಬ ವಿಷಯಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಚಿಕ್ಕಜಾಜೂರು–ಬಳ್ಳಾರಿ ಮಾರ್ಗದ ಜೋಡಿಹಳಿ ಕಾಮಗಾರಿಗೆ ಕೇಂದ್ರ ಸಚಿವ ಸಂಪುಟದ ಸಮಿತಿಯು 2025ರ ಜೂನ್‌ನಲ್ಲಿ ಅನುಮೋದನೆ ನೀಡಿರುವ ಹಿನ್ನೆಲೆಯಲ್ಲಿ ಈ ತಿಳುವಳಿಕೆಗೆ ಇನ್ನಷ್ಟು ಮಹತ್ವ ಬಂದಿದೆ.

1. ಚುಕ್ಕೆಯ ಮೂಲ

ಏಕಹಳಿ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವಿನ ಭಾಗವನ್ನು ಬ್ಲಾಕ್ ಸೆಕ್ಷನ್ ಎಂದು ಕರೆಯಲಾಗುತ್ತದೆ. ಸಾಮಾನ್ಯ ನಿಯಮದಂತೆ ಒಂದು ಬ್ಲಾಕ್ ಸೆಕ್ಷನ್ನಿನಲ್ಲಿ ಒಂದು ವೇಳೆಗೆ ಒಂದೇ ಗಾಡಿ ಇರತಕ್ಕದ್ದು. ಮುಂದಿನ ನಿಲ್ದಾಣದ ಸ್ಟೇಷನ್ ಮಾಸ್ಟರ್ ಲೈನ್ ಕ್ಲಿಯರ್ ನೀಡಿದ ನಂತರವೇ ಹಿಂದಿನ ನಿಲ್ದಾಣದಿಂದ ಗಾಡಿಯನ್ನು ಬಿಡಲಾಗುತ್ತದೆ. ಹಳಿಯಲ್ಲಿ ಗಾಡಿ ಇದೆಯೇ ಇಲ್ಲವೇ ಎಂಬುದನ್ನು ಟ್ರ್ಯಾಕ್ ಸರ್ಕ್ಯೂಟ್ ಅಥವಾ ಗಾಲಿಗಳ ಅಚ್ಚುಗಳನ್ನು ಎಣಿಸುವ ಆಕ್ಸಲ್ ಕೌಂಟರ್ ಎಂಬ ಉಪಕರಣಗಳು ಗುರುತಿಸುತ್ತವೆ. ಈ ಸ್ಥಿತಿಯು ಸ್ಟೇಷನ್ ಮಾಸ್ಟರ್ ಕೊಠಡಿಯ ಫಲಕದಲ್ಲಿ ದೀಪಗಳ ಮೂಲಕ ಕಾಣುತ್ತದೆ. ಸಿಗ್ನಲ್ಲು, ಪಾಯಿಂಟುಗಳ ಸ್ಥಿತಿ ಬದಲಾದುದನ್ನೆಲ್ಲ ಡೇಟಾ ಲಾಗರ್ ಎಂಬ ಯಂತ್ರವು ವೇಳೆಸಹಿತ ದಾಖಲಿಸುತ್ತದೆ. ಇದು ರೈಲ್ವೆಯ ಒಳಗಿನ ನೇರ ನಕಾಶೆ. ಇದು ಸಾರ್ವಜನಿಕರಿಗೆ ಲಭ್ಯವಿರುವುದಿಲ್ಲ.

ಪ್ರತಿಯೊಂದು ಗಾಡಿ ನಿಲ್ದಾಣಕ್ಕೆ ಬಂದ, ಬಿಟ್ಟ, ನಿಲ್ಲದೆ ಹಾದುಹೋದ ವೇಳೆಗಳು ವಿಭಾಗೀಯ ನಿಯಂತ್ರಣ ಕಚೇರಿಗೆ ವರದಿಯಾಗುತ್ತವೆ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ನಿಲ್ದಾಣಗಳು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿವೆ. ಹಿಂದೆ ನಿಯಂತ್ರಕರು ದೂರವಾಣಿಯಲ್ಲಿ ಈ ವೇಳೆಗಳನ್ನು ಕೇಳಿಕೊಂಡು, ಒಂದು ಬದಿಗೆ ನಿಲ್ದಾಣಗಳನ್ನೂ ಇನ್ನೊಂದು ಬದಿಗೆ ಗಂಟೆ ನಿಮಿಷಗಳನ್ನೂ ಗುರುತಿಸಿದ ದೊಡ್ಡ ಕಾಗದದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಗೆರೆಯ ಓರೆ ಗಾಡಿಯ ವೇಗವನ್ನು ತೋರಿಸುತ್ತಿತ್ತು. ಎರಡು ಗೆರೆಗಳು ಕೂಡಿದ ಜಾಗವು ಎದುರುಬದುರು ಗಾಡಿಗಳ ಕ್ರಾಸಿಂಗ್ ಆಗಿರುತ್ತಿತ್ತು. 1986ರಲ್ಲಿ ಸ್ಥಾಪಿತವಾದ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರವು, ಅಂದರೆ ಕ್ರಿಸ್ ಸಂಸ್ಥೆಯು, ರೂಪಿಸಿದ ತಂತ್ರಾಂಶವು ಆ ಕಾಗದದ ಸ್ಥಾನವನ್ನು ಪಡೆಯಿತು. ಇದನ್ನು ಕಂಟ್ರೋಲ್ ಆಫೀಸ್ ಅಪ್ಲಿಕೇಷನ್ ಎನ್ನುತ್ತಾರೆ. ಸಾರ್ವಜನಿಕರು ನೋಡುವ ರಾಷ್ಟ್ರೀಯ ರೈಲು ವಿಚಾರಣಾ ವ್ಯವಸ್ಥೆ, ಅಂದರೆ ಎನ್‌ಟಿಇಎಸ್, ತನ್ನ ಮಾಹಿತಿಯನ್ನು ಈ ತಂತ್ರಾಂಶದಿಂದ ಪಡೆಯುತ್ತದೆ. ಸಾಮಾನ್ಯ ದೂರವಾಣಿಯಿಂದ 139ಕ್ಕೆ ಕರೆ ಮಾಡಿದಾಗ ದೊರೆಯುವ ಉತ್ತರಕ್ಕೂ ರೈಲ್ವೆಯ ಇದೇ ದಾಖಲೆಯೇ ಆಧಾರ.

ಇದಕ್ಕೆ ಪೂರಕವಾಗಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ಇಸ್ರೋ, ಸಹಯೋಗದಲ್ಲಿ ಎಂಜಿನ್ನುಗಳಿಗೆ ಆರ್‌ಟಿಐಎಸ್ ಎಂಬ ಉಪಕರಣವನ್ನು ಅಳವಡಿಸಲಾಗುತ್ತಿದೆ. ಈ ಉಪಕರಣವು ಗಗನ್ ಉಪಗ್ರಹ ವ್ಯವಸ್ಥೆಯ ನೆರವಿನಿಂದ ಎಂಜಿನ್ನಿನ ಸ್ಥಾನ ಮತ್ತು ವೇಗವನ್ನು 30 ಸೆಕೆಂಡುಗಳಿಗೊಮ್ಮೆ ತಿಳಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ರೈಲ್ವೆ ಸಚಿವಾಲಯವು ನೀಡಿದ ಮಾಹಿತಿಯಂತೆ, ಮೊದಲ ಹಂತದಲ್ಲಿ 21 ವಿದ್ಯುತ್ ಎಂಜಿನ್ ಶೆಡ್ಡುಗಳ 2,700 ಎಂಜಿನ್ನುಗಳಿಗೆ ಇದನ್ನು ಅಳವಡಿಸಲಾಗಿದ್ದು, ಎರಡನೆಯ ಹಂತದಲ್ಲಿ 50 ಶೆಡ್ಡುಗಳ ಇನ್ನೂ 6,000 ಎಂಜಿನ್ನುಗಳನ್ನು ಒಳಪಡಿಸಲು ಉದ್ದೇಶಿಸಲಾಗಿತ್ತು. ಇಸ್ರೋ ಹೆಸರು ಈ ಭಾಗದವರಿಗೆ ಹೊಸದಲ್ಲ. 2023ರ ಏಪ್ರಿಲ್ 2ರಂದು ಮರುಬಳಕೆಯ ಉಡಾವಣಾ ವಾಹನವನ್ನು ಅದು ಸ್ವಯಂಚಾಲಿತವಾಗಿ ಇಳಿಸಿದ್ದು ಚಳ್ಳಕೆರೆ ಸಮೀಪದ ವೈಮಾನಿಕ ಪರೀಕ್ಷಾ ನೆಲೆಯಲ್ಲಿಯೇ.

ಎಂಜಿನ್ನಿನಲ್ಲಿ ಈ ಉಪಕರಣವಿದ್ದಲ್ಲಿ ಚುಕ್ಕೆಯು ಉಪಗ್ರಹದ ಆಧಾರದಲ್ಲಿ ಚಲಿಸುತ್ತದೆ. ಉಪಕರಣವಿಲ್ಲದಿದ್ದಲ್ಲಿ ಅಥವಾ ಅದು ಕೆಲಸ ಮಾಡದಿದ್ದಲ್ಲಿ ನಿಲ್ದಾಣಗಳಿಂದ ಬಂದ ವರದಿಯೇ ಆಧಾರವಾಗುತ್ತದೆ. ಎರಡು ವರದಿಗಳ ನಡುವೆ ಪರದೆಯ ಮೇಲೆ ಕಾಣುವ ಚಲನೆಯು ಲೆಕ್ಕಾಚಾರದ ಊಹೆಯಾಗಿರುತ್ತದೆ. ನೋಡುವವರಿಗೆ ಈ ಎರಡರ ನಡುವಿನ ವ್ಯತ್ಯಾಸ ಹಲವು ವೇಳೆ ಕಾಣುವುದಿಲ್ಲ.

2. ಪಾಸ್ ಪುಸ್ತಕದ ನಿದರ್ಶನ

ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಕಾಣುವ ಶಿಲ್ಕು ಕೊನೆಯ ನಮೂದಿನ ದಿನಾಂಕದವರೆಗಿನ ಶಿಲ್ಕು ಮಾತ್ರ. ಬರೆದುಕೊಟ್ಟು ಇನ್ನೂ ಪಾವತಿಯಾಗದ ಚೆಕ್ಕು ಅದರಲ್ಲಿ ಕಾಣುವುದಿಲ್ಲ. ಪುಸ್ತಕ ಸುಳ್ಳು ಹೇಳುತ್ತಿಲ್ಲ, ಅದು ತನಗೆ ವರದಿಯಾದುದನ್ನಷ್ಟೇ ಹೇಳುತ್ತಿದೆ. ರೈಲು ಸಂಚಾರದ ನೇರ ನಕಾಶೆಯ ಸ್ವರೂಪವೂ ಇದೇ ಆಗಿದೆ. ಹಳಿಯ ಮೇಲೆ ಏನಿದೆ ಎಂಬುದಕ್ಕಿಂತ, ಹಳಿಯ ಮೇಲೆ ಏನಿದೆ ಎಂದು ಯಾರೋ ಅಥವಾ ಯಾವುದೋ ಉಪಕರಣ ಕೊನೆಯ ಬಾರಿ ವರದಿ ಮಾಡಿದ್ದನ್ನು ಅದು ತೋರಿಸುತ್ತದೆ. ಆದ್ದರಿಂದ ನಕಾಶೆಯನ್ನು ನೋಡುವವರು ಚುಕ್ಕೆಗಿಂತ ಮೊದಲು ಅದರ ಜೊತೆಗಿರುವ ಕೊನೆಯ ವರದಿಯ ನಿಲ್ದಾಣ ಹಾಗೂ ವೇಳೆಯನ್ನು ಗಮನಿಸತಕ್ಕದ್ದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಹಾಗೂ ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಂಡೆಯ ಮೇಲೆ ಕೊರೆದ ಆ ಸಾರ್ವಜನಿಕ ಪ್ರಕಟಣೆಯನ್ನು ಒಮ್ಮೆ ಬರೆದರೆ ಸಾಕಾಗಿತ್ತು. ನೇರ ನಕಾಶೆಯು ಇದಕ್ಕೆ ವಿರುದ್ಧವಾದ ಪ್ರಕಟಣೆ. ಅರ್ಧ ನಿಮಿಷಕ್ಕೊಮ್ಮೆ ಅದನ್ನು ಮತ್ತೆ ಬರೆಯಬೇಕು. ಬರೆಯುವುದು ನಿಂತರೆ ಅಕ್ಷರ ಅಳಿಯುವುದಿಲ್ಲ, ಹಳೆಯ ಚುಕ್ಕೆಯೇ ಹೊಸದೆಂಬಂತೆ ಉಳಿದುಬಿಡುತ್ತದೆ. ನಿರ್ವಹಣೆಯಿಲ್ಲದ ನಕಾಶೆಯ ತೊಂದರೆ ಇರುವುದು ಇಲ್ಲಿಯೇ.

3. ನಕಾಶೆಗಳನ್ನು ನಿರ್ವಹಿಸಿದ ಅನುಭವಗಳು

ದೇಶದ ಪ್ರಯಾಣಿಕರ ಗಾಡಿಗಳನ್ನು ಒಂದೇ ಭೂಪಟದ ಮೇಲೆ ತೋರಿಸುವ ರೈಲ್ ರಾಡಾರ್ ಎಂಬ ಸೇವೆಯನ್ನು ಕ್ರಿಸ್ ಸಂಸ್ಥೆಯು 2012ರ ಅಕ್ಟೋಬರಿನಲ್ಲಿ ಖಾಸಗಿ ಸಹಯೋಗದೊಂದಿಗೆ ಆರಂಭಿಸಿತು. ವೇಳೆಗೆ ಸರಿಯಾಗಿ ಓಡುವ ಗಾಡಿಗಳು ನೀಲಿ ಬಣ್ಣದಲ್ಲಿಯೂ ತಡವಾದವು ಕೆಂಪು ಬಣ್ಣದಲ್ಲಿಯೂ ಕಾಣುತ್ತಿದ್ದವು. ಜನರು ಇದನ್ನು ಉತ್ಸಾಹದಿಂದ ಸ್ವಾಗತಿಸಿದರೂ ಆ ಅಧಿಕೃತ ನಕಾಶೆ ಬಹುಕಾಲ ಉಳಿಯಲಿಲ್ಲ. ಗಾಡಿವಾರು ವಿಚಾರಣೆಯ ಎನ್‌ಟಿಇಎಸ್ ಸೇವೆ ಮುಂದುವರಿಯಿತು. 2025ರ ಜುಲೈ 1ರಂದು ಬಿಡುಗಡೆಯಾದ ರೈಲ್‌ಒನ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಟಿಕೆಟ್, ವಿಚಾರಣೆ, ದೂರು ಮೊದಲಾದ ಸೇವೆಗಳನ್ನು ಒಂದೆಡೆ ತರಲಾಗಿದೆ.

ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಸಂಸ್ಥೆಯು ಬೇರೊಂದು ದಾರಿಯನ್ನು ಹಿಡಿಯಿತು. ಅದು ರೂಪಿಸಿದ ವೇರ್ ಈಸ್ ಮೈ ಟ್ರೈನ್ ಎಂಬ ತಂತ್ರಾಂಶವು, ಪ್ರಯಾಣಿಕನ ಮೊಬೈಲು ಯಾವ ಗೋಪುರದ ಸಂಕೇತವನ್ನು ಪಡೆಯುತ್ತಿದೆ ಎಂಬುದನ್ನು ನೋಡಿ ಗಾಡಿಯ ಸ್ಥಾನವನ್ನು ಅಂದಾಜಿಸುತ್ತದೆ. ಗಾಡಿಯೊಳಗೆ ಕುಳಿತವರಿಗೆ ಅಂತರ್ಜಾಲವಾಗಲಿ ಜಿಪಿಎಸ್ ಆಗಲಿ ಇಲ್ಲದೆಯೂ ಇದು ಕೆಲಸ ಮಾಡುವುದರಿಂದ, ಮತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಲಭ್ಯವಿರುವುದರಿಂದ, ಗ್ರಾಮೀಣ ಪ್ರಯಾಣಿಕರಲ್ಲಿ ಇದರ ಬಳಕೆ ಬೇಗನೆ ಹಬ್ಬಿತು. ಆ ಸಂಸ್ಥೆಯನ್ನು 2018ರ ಡಿಸೆಂಬರಿನಲ್ಲಿ ಗೂಗಲ್ ಕೊಂಡುಕೊಂಡಿತು. ಗೋಪುರಗಳು ದೂರದೂರವಿರುವ ಬಯಲುಸೀಮೆಯಲ್ಲಿ ಈ ವಿಧಾನದ ಅಂದಾಜು ಸಹಜವಾಗಿಯೇ ಒರಟಾಗುತ್ತದೆ ಎಂಬುದನ್ನು ಬಳಕೆದಾರರು ಗಮನದಲ್ಲಿಡಬೇಕು.

ಸಿಗ್ನಲ್ ಸ್ಥಿತಿಯನ್ನೂ ಸಾರ್ವಜನಿಕರಿಗೆ ತೋರಿಸುವ ಪ್ರಯೋಗ ನಡೆದಿರುವುದು ಬ್ರಿಟನ್ನಿನಲ್ಲಿ. ಅಲ್ಲಿ ಹಳಿಗಳ ಒಡೆತನವುಳ್ಳ ನೆಟ್‌ವರ್ಕ್ ರೈಲ್ ಸಂಸ್ಥೆಯು 2012ರಿಂದ ಗಾಡಿಗಳ ಚಲನೆಯ ಮಾಹಿತಿಯನ್ನು ಮುಕ್ತವಾಗಿ ಬಿಡುಗಡೆ ಮಾಡುತ್ತಿದೆ. ಒಂದು ಸಿಗ್ನಲ್ಲಿನ ವ್ಯಾಪ್ತಿಯಿಂದ ಮುಂದಿನದಕ್ಕೆ ಗಾಡಿ ಸರಿದಾಗಲೆಲ್ಲ ಒಂದು ಸಂದೇಶ ಹೊರಡುತ್ತದೆ. ಈ ಸಂದೇಶಗಳನ್ನು ಬಳಸಿಕೊಂಡು ಓಪನ್ ಟ್ರೈನ್ ಟೈಮ್ಸ್, ಟ್ರಾಕ್ಸಿ ಮುಂತಾದ ನಕಾಶೆಗಳು ರೂಪುಗೊಂಡವು. ಅವುಗಳಲ್ಲಿ ಸರಕು ಗಾಡಿಗಳ ಚಲನೆಯೂ ಕಾಣುತ್ತದೆ. ಆದರೆ ಸಂದೇಶದಲ್ಲಿ ಇರುವುದು ಸಂಖ್ಯೆಗಳು ಮಾತ್ರ. ಯಾವ ಸಂಖ್ಯೆ ಯಾವ ಹಳಿಯ ಯಾವ ಸಿಗ್ನಲ್ಲಿಗೆ ಸೇರಿದ್ದು ಎಂಬುದನ್ನು ನಕಾಶೆಯವರೇ ಗುರುತಿಸಿ ಚಿತ್ರಿಸಬೇಕು. ಒಂದು ಕಡೆ ಸಿಗ್ನಲ್ ವ್ಯವಸ್ಥೆ ನವೀಕರಣಗೊಂಡರೆ ಹಳೆಯ ಸಂಖ್ಯೆಗಳು ರದ್ದಾಗಿ ಹೊಸವು ಬರುತ್ತವೆ, ಅಂದಿನಿಂದ ಆ ಭಾಗದ ನಕಾಶೆ ಕುರುಡಾಗುತ್ತದೆ. ಮತ್ತೆ ಚಿತ್ರಿಸುವವರೆಗೆ ಗಾಡಿಗಳು ಅಲ್ಲಿ ಮಾಯವಾಗುತ್ತವೆ ಅಥವಾ ತಪ್ಪು ಜಾಗದಲ್ಲಿ ಕಾಣುತ್ತವೆ. ನಕಾಶೆಯನ್ನು ಒಮ್ಮೆ ರಚಿಸುವುದಕ್ಕಿಂತ ಅದನ್ನು ಹಳಿಯ ಜೊತೆಗೆ ತಾಳೆ ನೋಡುತ್ತ ಹೋಗುವುದೇ ಹೆಚ್ಚಿನ ಶ್ರಮದ ಕೆಲಸ ಎಂಬುದು ಅಲ್ಲಿನ ಅನುಭವದಿಂದ ಸ್ಪಷ್ಟವಾಗುತ್ತದೆ.

ಭಾರತದಲ್ಲಿ ಸಿಗ್ನಲ್ ಸ್ಥಿತಿಯನ್ನು ಸಾರ್ವಜನಿಕರಿಗೆ ನೇರವಾಗಿ ತೋರಿಸುವ ವ್ಯವಸ್ಥೆ ಇಲ್ಲ. ಮುಕ್ತ ಭೂಪಟವನ್ನು ಆಧರಿಸಿದ ಓಪನ್ ರೈಲ್ವೆ ಮ್ಯಾಪ್‌ನಲ್ಲಿ ಹಳಿಗಳು ಮತ್ತು ನಿಲ್ದಾಣಗಳು ಕಾಣುತ್ತವೆಯಾದರೂ ಅವುಗಳ ಮೇಲೆ ಓಡುವ ಗಾಡಿಗಳು ಕಾಣುವುದಿಲ್ಲ.

4. ಪರದೆಯಲ್ಲಿ ಕಾಣದ ಗಾಡಿಗಳು

ಬಿ.ಜಿ. ಕೆರೆ ಭಾಗದ ನಾಗರಿಕರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿದಿರಬೇಕಾದ ಅಂಶವನ್ನು ಇಲ್ಲಿ ಸ್ಪಷ್ಟಪಡಿಸಲಾಗಿದೆ. ಸಾರ್ವಜನಿಕರಿಗೆ ಲಭ್ಯವಿರುವ ವಿಚಾರಣಾ ಸೇವೆಗಳಲ್ಲಿ ಪ್ರಯಾಣಿಕರ ಗಾಡಿಗಳು ಮಾತ್ರ ಕಾಣುತ್ತವೆ. ಸರಕು ಗಾಡಿಗಳು ಕಾಣುವುದಿಲ್ಲ. ಅವುಗಳ ಮಾಹಿತಿಯು ಸರಕು ಕಳುಹಿಸುವ ಗ್ರಾಹಕರಿಗಾಗಿ ಇರುವ ಪ್ರತ್ಯೇಕ ವ್ಯವಸ್ಥೆಯಲ್ಲಿರುತ್ತದೆ. ಖಾಲಿ ಎಂಜಿನ್ನು, ಹಳಿ ತಪಾಸಣೆಯ ವಾಹನ, ದುರಸ್ತಿ ಯಂತ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ಚಿಕ್ಕಜಾಜೂರು–ಬಳ್ಳಾರಿ ಮಾರ್ಗವಾದರೋ ಸರಕು ಸಾಗಣೆಗೆ ಪ್ರಾಮುಖ್ಯವಿರುವ ಮಾರ್ಗ. ಕಬ್ಬಿಣದ ಅದಿರು, ಕಲ್ಲಿದ್ದಲು, ಉಕ್ಕು, ರಸಗೊಬ್ಬರ, ಆಹಾರಧಾನ್ಯ, ಪೆಟ್ರೋಲಿಯಂ ಉತ್ಪನ್ನಗಳ ಸಾಗಣೆಯ ಅಗತ್ಯವನ್ನು ಪರಿಗಣಿಸಿಯೇ ಜೋಡಿಹಳಿಗೆ ಅನುಮೋದನೆ ನೀಡಲಾಗಿದೆ. ಇಂತಹ ಮಾರ್ಗದಲ್ಲಿ ಮೊಬೈಲ್ ಪರದೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೆಲವೇ ಚುಕ್ಕೆಗಳು ಕಾಣುತ್ತವೆ. ಉಳಿದ ವೇಳೆಯಲ್ಲಿ ಹಳಿ ಖಾಲಿಯಾಗಿದೆ ಎಂದು ಭಾವಿಸುವುದು ಅಪಾಯಕಾರಿಯಾದ ತಪ್ಪು. ಪರದೆಯಲ್ಲಿ ಖಾಲಿ ಕಾಣುವ ಹಳಿ ಖಾಲಿ ಹಳಿಯಲ್ಲ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕುರಿ ಸಾಕಣೆಗೆ ಹೆಸರಾದ ಸೀಮೆ. ಹಿಂಡನ್ನು ಹಳಿಯ ಆಚೆ ಬದಿಗೆ ದಾಟಿಸುವವರು, ಹಳಿಯ ಎರಡೂ ಬದಿಗೆ ಜಮೀನುಳ್ಳ ರೈತರು, ಗೇಟಿನಲ್ಲಿ ಕಾಯುವ ಬದಲು ದ್ವಿಚಕ್ರ ವಾಹನವನ್ನು ಅಡ್ಡದಾರಿಯಲ್ಲಿ ತಳ್ಳಿಕೊಂಡು ಹೋಗುವವರು ಮೊಬೈಲನ್ನು ನೋಡಿ ಗಾಡಿ ದೂರವಿದೆ ಎಂದು ನಿರ್ಧರಿಸುವ ಸಂಭವವಿರುತ್ತದೆ. ಹಿಂಡು ಪೂರ್ತಿಯಾಗಿ ದಾಟಲು ಹಿಡಿಯುವ ವೇಳೆಯಲ್ಲಿ ಸರಕು ಗಾಡಿಯೊಂದು ಬಂದರೆ ಅದನ್ನು ಆ ಕ್ಷಣದಲ್ಲಿ ನಿಲ್ಲಿಸಲು ಲೋಕೋ ಪೈಲಟ್‌ಗೆ ಸಾಧ್ಯವಾಗುವುದಿಲ್ಲ. ಭಾರ ತುಂಬಿದ ಗಾಡಿ ಬ್ರೇಕ್ ಹಾಕಿದ ನಂತರವೂ ಬಹಳ ದೂರ ಸಾಗುತ್ತದೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನು 2019ರ ಜನವರಿ ವೇಳೆಗೆ ತೆಗೆದುಹಾಕಲಾಗಿದೆ. ಆದಕಾರಣ ಹಳಿ ದಾಟಲು ಕಾವಲಿರುವ ಗೇಟು, ಕೆಳಸೇತುವೆ ಅಥವಾ ಮೇಲ್ಸೇತುವೆಗಳನ್ನೇ ಬಳಸತಕ್ಕದ್ದು. ಇತರೆಡೆ ಹಳಿಯನ್ನು ಪ್ರವೇಶಿಸುವುದು 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಡಿ ಅಪರಾಧವೂ ಆಗಿದೆ.

5. ಒಳಗಿನ ನಕಾಶೆಯೂ ತಪ್ಪಬಹುದೆಂಬುದಕ್ಕೆ ನಿದರ್ಶನ

ಸಾರ್ವಜನಿಕರ ಪರದೆಗಿಂತ ರೈಲ್ವೆಯ ಒಳಗಿನ ಫಲಕವು ಎಷ್ಟೋ ಪಾಲು ಹೆಚ್ಚು ನಂಬಿಕೆಗೆ ಅರ್ಹವಾದುದು. ಆದಾಗ್ಯೂ ಅದೂ ಹಳಿಯಿಂದ ಬಂದ ವರದಿಯೇ ಹೊರತು ಹಳಿಯಲ್ಲ. ಇದೇ ಮೈಸೂರು ವಿಭಾಗದ ಬೀರೂರು–ಚಿಕ್ಕಜಾಜೂರು ಮಾರ್ಗದಲ್ಲಿರುವ ಹೊಸದುರ್ಗ ರೋಡ್ ನಿಲ್ದಾಣದಲ್ಲಿ 2023ರ ಫೆಬ್ರವರಿ 8ರ ಸಂಜೆ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಗಾಡಿಯು ಹೊರಡುವ ವೇಳೆಯಲ್ಲಿ ಪಾಯಿಂಟು ತಪ್ಪು ಹಳಿಗೆ ತಿರುಗಿರುವುದನ್ನು ಲೋಕೋ ಪೈಲಟ್ ಕಣ್ಣಾರೆ ಕಂಡು ಗಾಡಿಯನ್ನು ನಿಲ್ಲಿಸಿದರು. ಅನಾಹುತ ತಪ್ಪಿತು. ಮರುದಿನವೇ ನೈಋತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣೆ ವ್ಯವಸ್ಥಾಪಕರು ಈ ಕುರಿತು ಪತ್ರ ಬರೆದು, ಸ್ಟೇಷನ್ ಮಾಸ್ಟರ್ ಫಲಕದಲ್ಲಿ ಮಾರ್ಗ ಸರಿಯಾಗಿ ಕಾಣುತ್ತಿರುವಾಗಲೇ ನಿಜವಾದ ಮಾರ್ಗ ಬದಲಾಗಬಹುದಾದ ಗಂಭೀರ ದೋಷ ವ್ಯವಸ್ಥೆಯಲ್ಲಿದೆ ಎಂದು ಎಚ್ಚರಿಸಿದ್ದರು.

ನಾಲ್ಕು ತಿಂಗಳೊಳಗೆ, 2023ರ ಜೂನ್ 2ರಂದು, ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಗಾಡಿಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ದೊರೆತಿದ್ದರೂ ಅದು ಲೂಪ್ ಲೈನಿಗೆ ನುಗ್ಗಿ ಅಲ್ಲಿ ನಿಂತಿದ್ದ ಸರಕು ಗಾಡಿಗೆ ಡಿಕ್ಕಿ ಹೊಡೆಯಿತು. 290ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಸಿಗ್ನಲ್ ಸರ್ಕ್ಯೂಟಿನಲ್ಲಿ ಮಾಡಿದ ಬದಲಾವಣೆಯ ಲೋಪಗಳು ಕಾರಣವೆಂದು ಕಂಡುಬಂದಿತು.

ಈ ಎರಡು ಪ್ರಸಂಗಗಳನ್ನು ಇಲ್ಲಿ ಉಲ್ಲೇಖಿಸಿರುವುದು ಪ್ರಯಾಣಿಕರಲ್ಲಿ ಭಯವನ್ನು ಹುಟ್ಟಿಸುವುದಕ್ಕಲ್ಲ. ತಂತಿಯ ತುದಿಯಲ್ಲಿ ಮಾಡಿದ ಬದಲಾವಣೆ ಚಿತ್ರದ ಮೇಲೂ ದಾಖಲೆಯಲ್ಲೂ ಅದೇ ದಿನ ಬರಬೇಕು, ಬಾರದಿದ್ದರೆ ಫಲಕ ಒಂದನ್ನು ಹೇಳಿ ಹಳಿ ಇನ್ನೊಂದನ್ನು ಮಾಡುತ್ತದೆ ಎಂಬುದನ್ನು ತಿಳಿಸುವುದಕ್ಕಾಗಿ. ನಿರ್ವಹಣೆಯೆಂದರೆ ಈ ತಾಳೆ ನೋಡುವ ಕೆಲಸವೇ. ಹೊಸದುರ್ಗ ರೋಡಿನಲ್ಲಿ ಆ ತಾಳೆಯನ್ನು ನೋಡಿದ್ದು ಒಬ್ಬ ಲೋಕೋ ಪೈಲಟ್‌ನ ಕಣ್ಣು.

6. ಜೋಡಿಹಳಿ ಕಾಮಗಾರಿ ಮತ್ತು ಮುಂದಿನ ದಿನಗಳು

ಕೇಂದ್ರ ಸಚಿವ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಯು 2025ರ ಜೂನ್ 11ರಂದು ಬಳ್ಳಾರಿ–ಚಿಕ್ಕಜಾಜೂರು ಮಾರ್ಗದ 185 ಕಿ.ಮೀ. ಜೋಡಿಹಳಿ ಯೋಜನೆಗೆ ಅನುಮೋದನೆ ನೀಡಿದೆ. ಇದರ ಅಂದಾಜು ವೆಚ್ಚ 3,342 ಕೋಟಿ ರೂ. ಕರ್ನಾಟಕದ ಬಳ್ಳಾರಿ, ಚಿತ್ರದುರ್ಗ ಜಿಲ್ಲೆಗಳೂ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯೂ ಇದರ ವ್ಯಾಪ್ತಿಗೆ ಬರುತ್ತವೆ.

ಏಕಹಳಿಯಲ್ಲಿ ಎದುರು ಗಾಡಿಗೆ ದಾರಿ ಬಿಡಲು ಒಂದು ಗಾಡಿ ಲೂಪ್ ಲೈನಿನಲ್ಲಿ ಕಾಯಬೇಕಾಗುತ್ತದೆ. ಒಂದು ಗಾಡಿಯ ತಡ ಮತ್ತೊಂದಕ್ಕೆ ದಾಟಿಕೊಳ್ಳುವುದು ಹೀಗೆಯೇ. ಪರದೆಯಲ್ಲಿ ಗಾಡಿ ಒಂದೇ ಕಡೆ ನಿಂತಂತೆ ಕಾಣುವುದಕ್ಕೂ ಹಲವು ವೇಳೆ ಇದೇ ಕಾರಣ. ಜೋಡಿಹಳಿಯಾದ ಮೇಲೆ ಈ ಕಾಯುವಿಕೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಕಾಮಗಾರಿ ನಡೆಯುವ ಅವಧಿಯಲ್ಲಿ ಪ್ರತಿಯೊಂದು ನಿಲ್ದಾಣದ ಹಳಿ ವಿನ್ಯಾಸ, ಪಾಯಿಂಟು, ಸಿಗ್ನಲ್ಲು, ಗೇಟುಗಳು ಒಂದೊಂದಾಗಿ ಬದಲಾಗುತ್ತವೆ. ಗಾಡಿಗಳು ರದ್ದಾಗುವುದು, ಬೇರೆ ಮಾರ್ಗದಲ್ಲಿ ಓಡುವುದು, ಅರ್ಧ ದಾರಿಯಲ್ಲಿ ನಿಲ್ಲುವುದು ಇಂತಹ ಕಾಮಗಾರಿಗಳಲ್ಲಿ ಸಾಮಾನ್ಯ. ಹಳೆಯ ವೇಳಾಪಟ್ಟಿಯನ್ನು ತನ್ನಲ್ಲಿ ಇಟ್ಟುಕೊಂಡಿರುವ ಖಾಸಗಿ ತಂತ್ರಾಂಶಗಳು ರದ್ದಾದ ಗಾಡಿಯನ್ನೂ ಓಡುತ್ತಿರುವಂತೆ ತೋರಿಸುವ ಸಾಧ್ಯತೆ ಇರುತ್ತದೆ. ಆ ಅವಧಿಯಲ್ಲಿ ರೈಲ್ವೆಯ ಅಧಿಕೃತ ಮೂಲದಿಂದ ಖಚಿತಪಡಿಸಿಕೊಳ್ಳುವುದು ಅತ್ಯಗತ್ಯ. ಎರಡೂ ಹಳಿಗಳು ಬಳಕೆಗೆ ಬಂದ ನಂತರ, ಒಂದು ದಿಕ್ಕಿನ ಗಾಡಿ ಹೋದ ಕೂಡಲೇ ಇನ್ನೊಂದು ದಿಕ್ಕಿನಿಂದ ಮತ್ತೊಂದು ಬರಬಹುದೆಂಬುದನ್ನು ಹಳಿಯ ಬದಿಯ ಗ್ರಾಮಗಳ ಜನರು ಹೊಸದಾಗಿ ರೂಢಿ ಮಾಡಿಕೊಳ್ಳಬೇಕಾಗುತ್ತದೆ.

7. ಪ್ರಯಾಣಿಕರು ಗಮನಿಸಬೇಕಾದ ಅಂಶಗಳು

(1) ತಡವಾಗಿದೆ ಎಂದು ಕಂಡ ಗಾಡಿ ದಾರಿಯಲ್ಲಿ ತಡವನ್ನು ಸರಿದೂಗಿಸಿಕೊಳ್ಳಬಹುದು. ವೇಳಾಪಟ್ಟಿಯಲ್ಲಿ ಕೆಲವು ಕಡೆ, ವಿಶೇಷವಾಗಿ ಕೊನೆಯ ನಿಲ್ದಾಣಕ್ಕೆ ಮುಂಚೆ, ಹೆಚ್ಚುವರಿ ನಿಮಿಷಗಳನ್ನು ಇಟ್ಟಿರಲಾಗುತ್ತದೆ. ಆದುದರಿಂದ ತೋರಿಸಿದ ತಡವನ್ನು ನಂಬಿ ಮನೆಯಲ್ಲಿಯೇ ಉಳಿಯುವುದು ಕ್ಷೇಮವಲ್ಲ.

(2) ಬಿ.ಜಿ. ಕೆರೆ ಸುತ್ತಣ ಗ್ರಾಮಗಳಿಂದ ಬಸ್ಸಿನಲ್ಲಿ ನಿಲ್ದಾಣಕ್ಕೆ ಬರುವವರು ವೇಳಾಪಟ್ಟಿಯ ಸಮಯವನ್ನೇ ಆಧಾರವಾಗಿಟ್ಟುಕೊಂಡು ಹೊರಡುವುದು ಸೂಕ್ತ. ನೇರ ಮಾಹಿತಿಯನ್ನು ಎಷ್ಟು ಹೊತ್ತು ಕಾಯಬೇಕಾಗಬಹುದೆಂದು ತಿಳಿಯಲು ಬಳಸಬಹುದಾಗಿದೆ.

(3) ಕೊನೆಯ ವರದಿಯ ವೇಳೆ ಬಹಳ ಹಿಂದಿನದಾಗಿದ್ದರೆ ಚುಕ್ಕೆಯ ಸ್ಥಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. 139ಕ್ಕೆ ಕರೆ ಮಾಡಿ ವಿಚಾರಿಸತಕ್ಕದ್ದು.

(4) ಪ್ರಯಾಣಿಕರು ಹತ್ತುವ ನಿಲ್ದಾಣದಿಂದ ಗಾಡಿಯ ನಿಗದಿತ ಹೊರಡುವ ವೇಳೆಗಿಂತ 3 ಗಂಟೆಗೂ ಹೆಚ್ಚು ತಡವಾಗಿ, ಆ ಕಾರಣದಿಂದ ಪ್ರಯಾಣ ಕೈಗೊಳ್ಳದಿದ್ದಲ್ಲಿ, ಕಾಯ್ದಿರಿಸಿದ ಟಿಕೆಟ್ಟಿನ ಹಣವನ್ನು ಪೂರ್ಣವಾಗಿ ಮರಳಿ ಪಡೆಯಲು ರೈಲ್ವೆ ಪ್ರಯಾಣಿಕರ ಟಿಕೆಟ್ ರದ್ದತಿ ಮತ್ತು ಹಣ ಮರುಪಾವತಿ ನಿಯಮಗಳು, 2015ರಲ್ಲಿ ಅವಕಾಶವಿದೆ. ಗಾಡಿಯು ವಾಸ್ತವವಾಗಿ ಹೊರಡುವುದರೊಳಗೆ ಕೌಂಟರಿನ ಟಿಕೆಟ್ಟನ್ನು ಮರಳಿಸತಕ್ಕದ್ದು. ಇ–ಟಿಕೆಟ್ ಆಗಿದ್ದಲ್ಲಿ ಆ ವೇಳೆಯೊಳಗೆ ಟಿಡಿಆರ್ ಅರ್ಜಿಯನ್ನು ಸಲ್ಲಿಸತಕ್ಕದ್ದು. ಇಲ್ಲಿ ಲೆಕ್ಕಕ್ಕೆ ಬರುವುದು ರೈಲ್ವೆಯ ದಾಖಲೆಯಲ್ಲಿರುವ ವೇಳೆ, ಖಾಸಗಿ ತಂತ್ರಾಂಶದ ಪರದೆಯಲ್ಲ. ಪರದೆಯಲ್ಲಿ ಕಂಡ ತಡವನ್ನು ನಂಬಿ ಗಾಡಿಯನ್ನು ತಪ್ಪಿಸಿಕೊಂಡವರಿಗೆ ಈ ನಿಯಮದ ಪ್ರಯೋಜನ ದೊರೆಯುವುದಿಲ್ಲ.

8. ಮಾಹಿತಿ ಮತ್ತು ದೂರಿಗಾಗಿ ಅರ್ಜಿ ಸಲ್ಲಿಸುವ ವಿಧಾನ

ರೈಲ್ವೆಯು ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಗೆ ಸೇರಿದ ವಿಷಯವಾಗಿದೆ. ತಾಲ್ಲೂಕು ಕಚೇರಿ ಅಥವಾ ನಾಡಕಚೇರಿಗೆ ಗಾಡಿಗಳ ವೇಳೆಯ ಬಗ್ಗೆ ಅರ್ಜಿ ಸಲ್ಲಿಸಿದಲ್ಲಿ ಕಾಲಹರಣವಾಗುವುದೇ ಹೊರತು ಪ್ರಯೋಜನವಾಗುವುದಿಲ್ಲ. ಆದುದರಿಂದ ಈ ಕೆಳಕಂಡಂತೆ ನೇರವಾಗಿ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಸಲ್ಲಿಸಲು ಕೋರಲಾಗಿದೆ.

(1) ತಪ್ಪು ಮಾಹಿತಿ, ಪ್ರಕಟಣೆಯಿಲ್ಲದೆ ಗಾಡಿ ರದ್ದು, ನಿಲ್ದಾಣದ ಸೌಲಭ್ಯಗಳ ಕೊರತೆ ಮುಂತಾದ ದೂರುಗಳನ್ನು ರೈಲ್ ಮದದ್ ಸೇವೆಯ 139 ಸಂಖ್ಯೆಗೆ ಸಲ್ಲಿಸಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.

(2) ನಿರ್ದಿಷ್ಟ ದಿನಾಂಕದಂದು ನಿರ್ದಿಷ್ಟ ಗಾಡಿಯು ಚಳ್ಳಕೆರೆ ಅಥವಾ ಮೊಳಕಾಲ್ಮೂರು ನಿಲ್ದಾಣಕ್ಕೆ ಬಂದ ಮತ್ತು ಬಿಟ್ಟ ವಾಸ್ತವ ವೇಳೆಯ ದಾಖಲೆ ಬೇಕಾದವರು ಮಾಹಿತಿ ಹಕ್ಕು ಕಾಯಿದೆ, 2005ರಡಿ ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿ ಶುಲ್ಕ 10 ರೂ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿರುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡಬೇಕಾಗಿರುತ್ತದೆ. ನೀಡದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಲ್ಲದಿದ್ದಲ್ಲಿ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು.

(3) ಅರ್ಜಿಯಲ್ಲಿ ಗಾಡಿಯ ಸಂಖ್ಯೆ, ದಿನಾಂಕ, ನಿಲ್ದಾಣ ಈ ಮೂರನ್ನೂ ಸ್ಪಷ್ಟವಾಗಿ ನಮೂದಿಸತಕ್ಕದ್ದು. ಗಾಡಿಗಳು ಏಕೆ ತಡವಾಗುತ್ತವೆ ಎಂಬಂತಹ ಸಾಮಾನ್ಯ ಪ್ರಶ್ನೆಗಳಿಗಿಂತ ದಾಖಲೆಯ ಪ್ರತಿಯನ್ನು ಕೋರುವ ಅರ್ಜಿಗೆ ಖಚಿತವಾದ ಉತ್ತರ ದೊರೆಯುತ್ತದೆ.

(4) ದೇಶದ ಭದ್ರತೆಗೆ ಧಕ್ಕೆ ತರಬಹುದಾದ ಮಾಹಿತಿಯನ್ನು ಕಾಯಿದೆಯ 8(1)(ಎ) ಪ್ರಕರಣದಡಿ ನಿರಾಕರಿಸಲು ಅವಕಾಶವಿದೆ. ಹಿಂದೆ ಓಡಿದ ಪ್ರಯಾಣಿಕರ ಗಾಡಿಯ ವೇಳೆಯನ್ನೂ ಸಿಗ್ನಲ್ ಸರ್ಕ್ಯೂಟಿನ ನಕ್ಷೆಯನ್ನೂ ಒಂದೇ ಅರ್ಜಿಯಲ್ಲಿ ಕೋರದೆ, ತಮಗೆ ಅಗತ್ಯವಿರುವುದನ್ನಷ್ಟೇ ಕೋರುವುದು ಸೂಕ್ತ.

(5) ಜೋಡಿಹಳಿ ಕಾಮಗಾರಿಯಿಂದ ಗ್ರಾಮದ ದಾರಿ, ಗೇಟು ಅಥವಾ ಕುರಿ ದಾಟುವ ಮಾರ್ಗಕ್ಕೆ ತೊಂದರೆಯಾಗುವುದೆಂದು ಭಾವಿಸುವ ಗ್ರಾಮಗಳು ಕೆಳಸೇತುವೆಗಳ ಉದ್ದೇಶಿತ ಸ್ಥಳಗಳ ಮಾಹಿತಿಯನ್ನು ಈಗಲೇ ಲಿಖಿತವಾಗಿ ಕೋರುವುದು ಒಳಿತು. ಗ್ರಾಮ ಪಂಚಾಯಿತಿಯ ನಿರ್ಣಯದೊಂದಿಗೆ ಸಲ್ಲಿಸಿದ ಮನವಿಗೆ ಹೆಚ್ಚಿನ ತೂಕವಿರುತ್ತದೆ. ಕಾಂಕ್ರೀಟು ಬಿದ್ದ ಮೇಲೆ ಸ್ಥಳ ಬದಲಾವಣೆ ಕಷ್ಟಸಾಧ್ಯ.

ಉಪಸಂಹಾರ

ಗಾಡಿ ಎಲ್ಲಿದೆ ಎಂಬುದನ್ನು ಸ್ಟೇಷನ್ ಮಾಸ್ಟರ್ ಒಬ್ಬರೇ ತಿಳಿದಿದ್ದ ಕಾಲ ಕಳೆದು, ಹೊಲದಲ್ಲಿ ನಿಂತ ರೈತನೂ ಅದನ್ನು ನೋಡುವ ಕಾಲ ಬಂದಿರುವುದು ಸಂತೋಷದ ವಿಷಯ. ಈ ಅನುಕೂಲವನ್ನು ಬಳಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಚುಕ್ಕೆಯ ಹಿಂದೆ ನಿಲ್ದಾಣದ ಸಿಬ್ಬಂದಿ, ನಿಯಂತ್ರಕರು, ಸಿಗ್ನಲ್ ನಿರ್ವಾಹಕರು ಮತ್ತು ಉಪಕರಣಗಳ ವರದಿಗಳ ಸರಪಳಿ ಇದೆ, ಆ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಚುಕ್ಕೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಮರೆಯದಿದ್ದರೆ ಸಾಕು.

ಪ್ರಯಾಣದ ಸಿದ್ಧತೆಗೆ ನಕಾಶೆಯನ್ನು ನೋಡಬಹುದು. ಹಣ ಮರುಪಾವತಿಗೆ ರೈಲ್ವೆಯ ದಾಖಲೆಯನ್ನು ಕೇಳಬೇಕು. ಹಳಿ ದಾಟುವಾಗ ಮೊಬೈಲನ್ನು ಜೇಬಿನಲ್ಲಿಟ್ಟು, ಗೇಟು ತೆರೆಯುವವರೆಗೆ ಕಾಯತಕ್ಕದ್ದು.